ಸಭೆ ಕಾಣದ ಮೆಂಬರ್ ಆಯಿ

ಆಯಿಯ ಎಡಗಣ್ಣಿನ ಕಪ್ಪಿನ ಮೇಲೆ ಜೋಳದ ಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆ ಇತ್ತು. ಮದುವೆಯಾದ ಹೊಸತರಲ್ಲಿ ಬೀಸುಕಲ್ಲು ಕುಟ್ಟುವಾಗ ಚೂರೊಂದು ಸಿಡಿದು ಆದ ಗುರುತು. ಆ ಕಣ್ಣು ಕಾಣುತ್ತಿರಲಿಲ್ಲ. ಹೀಗಾಗಿ ಯಾರ ಜೊತೆ ಮಾತಾಡುವಾಗಲೂ ಮುಖವನ್ನು ತುಸು ಎಡಕ್ಕೆ ತಿರುಗಿಸಿ ಬಲಗಣ್ಣನ್ನು ಮುಂದೆ ತಂದು ನೋಡುತ್ತಿದ್ದಳು. ಗೊತ್ತಿಲ್ಲದವರಿಗೆ ಅದು ಅನುಮಾನದ ನೋಟದಂತೆ ಕಾಣುತ್ತಿತ್ತು. ನಮ್ಮ ಪಂಚಾಯಿತಿ ಕಚೇರಿಯ ಮುಖ್ಯಾಧಿಕಾರಿಗಳು ಒಮ್ಮೆ ನನ್ನನ್ನು ಒಳಗೆ ಕರೆದು, "ಆ ಮುದುಕಿ ನನ್ನ ಯಾಕ್ರಿ ಹಂಗ ನೋಡ್ತಾಳ? ನಾ ಏನ್ ಮಾಡೀನಿ?" ಎಂದು ಕೇಳಿದ್ದರು.

ಅವರು ಏನೂ ಮಾಡಿರಲಿಲ್ಲ. ನಾವು ಯಾರೂ ಏನೂ ಮಾಡಲಿಲ್ಲ. ಈಗ ಅದನ್ನೇ ಬರೆಯಲು ಕುಳಿತಿದ್ದೇನೆ.

ನಮ್ಮದು ಆಳಂದದಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯಲ್ಲಿನ ಒಂದು ಸಣ್ಣ ಪಟ್ಟಣ. ಹೆಸರು ಬೇಡ. ತೊಗರಿ ಕೊಳ್ಳುವ ಅಡತಿ ಅಂಗಡಿಗಳು, ಒಂದು ಬಸ್ ನಿಲ್ದಾಣ, ಪರಸಿ ಕಲ್ಲು ಹಾಸಿದ ಓಣಿಗಳು, ಒಂದು ಪಟ್ಟಣ ಪಂಚಾಯಿತಿ. ಆ ಪಂಚಾಯಿತಿಯಲ್ಲಿ ನನ್ನ ಗಂಡ ನೀರಿನ ಕರ ವಸೂಲಿ ಮಾಡುವ ಕೆಲಸದಲ್ಲಿದ್ದರು. ಒಂದು ಬೆಳಿಗ್ಗೆ ಎದೆನೋವು ಎಂದವರು ದವಾಖಾನೆಯ ಮೆಟ್ಟಿಲು ಹತ್ತುವ ಮೊದಲೇ ಹೋಗಿಬಿಟ್ಟರು. ಅನುಕಂಪದ ಆಧಾರದ ಮೇಲೆ ಆ ಕಚೇರಿಯಲ್ಲೇ ನನಗೆ ಗುಮಾಸ್ತೆಯ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ನಾನು ನಿಂಬರ್ಗಾದ ತವರಿಗೆ ಹೋಗುವಾಗಲೂ ಯಾರಾದರೂ ಜೊತೆಗಿರುತ್ತಿದ್ದರು. ಈಗ ಕೌಂಟರಿನ ಹಿಂದೆ ತಲೆಯ ಮೇಲೆ ಸೆರಗು ಹೊದ್ದು ಕೂರುತ್ತಿದ್ದೆ. ಜನ ಏನಾದರೂ ಕೇಳಿದರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಆಯಿ ಮೊದಲ ಸಲ ಆ ಕೌಂಟರಿಗೆ ಬಂದದ್ದು ಒಂದು ರಹವಾಸಿ ಪತ್ರಕ್ಕೆ. ತಾನು ಈ ಊರಿನಲ್ಲೇ ವಾಸವಿದ್ದೇನೆ ಎಂದು ಪಂಚಾಯಿತಿ ಬರೆದು ಕೊಡುವ ಕಾಗದ ಅದು. ನಾನು ತಲೆ ತಗ್ಗಿಸಿ ಏನೋ ಗೊಣಗಿದೆ. ಅವಳು ಎರಡೂ ಕೈಗಳನ್ನು ಕೌಂಟರಿನ ಮೇಲೆ ಊರಿದಳು. ಮುಂಗೈ ತುಂಬ ಹಸಿರು ಹಚ್ಚೆ ಹುಯ್ಸಿಕೊಂಡಂತೆ ಸಣ್ಣ ಸಣ್ಣ ಚುಕ್ಕೆಗಳು. ಚರ್ಮದೊಳಗೆ ಉಳಿದುಹೋದ ಕಲ್ಲಿನ ಕಣಗಳು ಅವು.

"ಬೇ ತಂಗಿ, ಎದ್ದು ನಿಂತು ಮಾತಾಡು," ಎಂದಳು. "ಕುಂತು ಮಾತಾಡಿದ್ರ ಮಂದಿ ನಿನ್ನ ಮ್ಯಾಲಿಂದ ನೋಡ್ತಾರ. ಎದ್ದು ನಿಲ್ಲು, ಸರೀ ಕಣ್ಣಿಗೆ ಕಣ್ಣು ಬರ್ತದ."

ನಾನು ಎದ್ದು ನಿಂತೆ. ಯಾಕೆ ನಿಂತೆನೋ ಗೊತ್ತಿಲ್ಲ.

"ನಿನ್ನ ಗಂಡ ನಮ್ಮ ಓಣಿಗೆ ಬಂದ್ರ ಒಳಗ ಬಂದು ಕುಂತು ಚಾ ಕುಡೀತಿದ್ದ. ಈ ಊರಾಗ ನಮ್ಮ ಮನಿ ಚಾ ಕುಡಿದ ಸರ್ಕಾರಿ ಮನಷಾ ಅವ ಒಬ್ಬನೇ," ಎಂದಳು.

ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಆ ಸಂಗತಿ ಗೊತ್ತಿರಲಿಲ್ಲ. ಗಂಡ ತೀರಿದ ಮೇಲೆ ಅವರ ಬಗ್ಗೆ ಒಂದು ಹೊಸ ವಿಷಯ ತಿಳಿದದ್ದು ಅದೇ ಮೊದಲು. ಅಂದು ಅವಳ ರಹವಾಸಿ ಪತ್ರವನ್ನು ನಾನೇ ಟೈಪು ಮಾಡಿ, ಸಹಿ ಹಾಕಿಸಿ, ಶಿಕ್ಕಾ ಒತ್ತಿ ಕೊಟ್ಟೆ. ಅಂದಿನಿಂದ ಕೌಂಟರಿನಲ್ಲಿ ಎದ್ದು ನಿಂತೇ ಮಾತಾಡುತ್ತಿದ್ದೇನೆ.

ಅವಳ ಜನ ಈ ಊರಿನವರಲ್ಲ ಎಂದು ಊರು ಇಂದಿಗೂ ಹೇಳುತ್ತದೆ. ಗಡಿಯಾಚೆಯಿಂದ ಕತ್ತೆಗಳ ಮೇಲೆ ಉಳಿ ಸುತ್ತಿಗೆ ಹೇರಿಕೊಂಡು ಬಂದವರು. ಸವೆದು ನುಣುಪಾದ ಬೀಸುಕಲ್ಲನ್ನು ಕುಟ್ಟಿ ಮತ್ತೆ ಹರಿತ ಮಾಡಿಕೊಡುವುದು, ಒರಳು ಕಡೆಯುವುದು ಅವರ ಕಸುಬು. ವರ್ಷಕ್ಕೊಮ್ಮೆ ಗೊಬ್ಬೂರ, ನಿಂಬರ್ಗಾ, ಆಳಂದ ಎಂದು ಒಂದು ಸುತ್ತು ಹಾಕಿ ತಮ್ಮ ಕಡೆಗೆ ಹೊರಟುಹೋಗುತ್ತಿದ್ದರು. ಹಿಟ್ಟಿನ ಗಿರಣಿ ಬಂತು, ಮಿಕ್ಸರ್ ಬಂತು. ಒಂದು ವರ್ಷ ಯಾವ ಊರಿನಲ್ಲೂ ಯಾರೂ ಕಲ್ಲು ಹೊರಗೆ ಇಡಲಿಲ್ಲ. ನಮ್ಮ ಊರಿನ ಹೊರಗೆ, ಜಲ್ಲಿ ಮಾಡುವ ಕ್ರಷರ್ ಪಕ್ಕ ಡೇರೆ ಹಾಕಿದ್ದರು, ಕಲ್ಲು ಒಡೆಯುವ ಕೆಲಸ ಹಿಡಿದು ಅಲ್ಲೇ ಉಳಿದರು. "ಕೆಲಸ ಎಲ್ಲಿ ನಿಂತಿತೋ ನಾವೂ ಅಲ್ಲೇ ನಿಂತೇವಿ," ಎನ್ನುತ್ತಿದ್ದಳು ಆಯಿ. ಊರಿನ ಜನ ಅವರನ್ನು ಕಲ್ಲಿನವರು ಎಂದು ಕರೆದರು. ಡೇರೆಗಳು ಗುಡಿಸಲಾದವು, ಗುಡಿಸಲುಗಳು ತಗಡಿನ ಮನೆಗಳಾದವು, ಅದು ಕಲ್ಲಿನವರ ಓಣಿಯಾಯಿತು. ಮಕ್ಕಳು ಕನ್ನಡ ಶಾಲೆಗೆ ಹೋದರು. ಮನೆಯೊಳಗಿನ ಮಾತು ಮಾತ್ರ ಮರಾಠಿ ಬೆರೆತ ಬೇರೆ ಏನೋ ಒಂದು. ಅದರಲ್ಲಿ ತಾಯಿಗೆ ಆಯಿ ಎನ್ನುತ್ತಾರೆ. ಕ್ರಮೇಣ ಇಡೀ ಊರಿಗೆ ಅವಳು ಆಯಿಯಾದಳು.

ಆ ಓಣಿಯಲ್ಲಿ ಅವಳ ಮಾತು ನಡೆಯುತ್ತಿತ್ತು. ಗಂಡ ಹೆಂಡಿರ ಜಗಳ, ಗೋಡೆಯ ತಕರಾರು, ಶಾಲೆ ಬಿಟ್ಟ ಹುಡುಗಿ, ಎಲ್ಲವೂ ಅವಳ ಬಾಗಿಲಿಗೆ ಬರುತ್ತಿದ್ದವು. ಜಗಳವಾಡುವವರನ್ನು ಎದುರುಬದುರು ಕೂರಿಸಿ, ಕೈಗೊಂದು ಉಳಿ ಕೊಟ್ಟು, "ಮೊದಲ ಈ ಕಲ್ಲಿನ ಮೂಲಿ ಒಡೀರಿ, ಆಮ್ಯಾಲ ಮಾತಾಡೂಣು," ಎನ್ನುತ್ತಿದ್ದಳಂತೆ. ಕೈ ಸೋತ ಮೇಲೆ ಬಾಯಿಯೂ ಸೋಲುತ್ತದೆ ಎಂಬುದು ಅವಳ ಲೆಕ್ಕ. ಇನ್ನೊಂದು ಅಭ್ಯಾಸವಿತ್ತು. ಯಾವ ಕಟ್ಟಡಕ್ಕೆ ಹೋದರೂ ಗೋಡೆಯನ್ನೋ ಕಂಬವನ್ನೋ ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದಳು. ನಮ್ಮ ಕಚೇರಿಯ ಹೊಸ ಕಂಬ ಬಡಿದು, "ಒಳಗ ಪೊಳ್ಳ ಅದ ನೋಡ್," ಎಂದು ನಕ್ಕಿದ್ದಳು. ಕಂತ್ರಾಟದಾರ ಅಲ್ಲೇ ನಿಂತಿದ್ದ.

ಕಲ್ಲಿನವರು ಸತ್ತವರನ್ನು ಹೂಳುತ್ತಾರೆ. ಊರಿನಲ್ಲಿ ಒಂದೊಂದು ಸಮಾಜಕ್ಕೂ ತನ್ನದೇ ಸ್ಮಶಾನವಿದೆ. ಇವರಿಗೆ ಇರಲಿಲ್ಲ. ಕ್ರಷರಿನ ಹಿಂದೆ ದನ ಮೇಯುವ ಗಾಯರಾಣ ಜಮೀನಿನಲ್ಲಿ ಹೂಳುತ್ತಿದ್ದರು. ಸರ್ಕಾರದ ಜಾಗ, ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಅಲ್ಲಿ ಕರೆಂಟಿನ ಸ್ಟೇಷನ್ ಬಂತು, ಸುತ್ತ ತಂತಿಬೇಲಿ ಬಿತ್ತು. ಅದಾದ ಮೇಲೆ ಆ ಓಣಿಯಲ್ಲಿ ಮೊದಲು ತೀರಿಕೊಂಡವನು ಆಯಿಯ ಗಂಡ.

ಮಧ್ಯಾಹ್ನದ ಊಟದ ಹೊತ್ತು. ಕಚೇರಿಯ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಹಿಂದಿನ ಸೀಟಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ. ಹತ್ತಿಪ್ಪತ್ತು ಜನ ಸುತ್ತ ನಿಂತಿದ್ದರು. ಆಯಿ ಒಳಗೆ ಬಂದಳು. ಕಣ್ಣಲ್ಲಿ ನೀರಿರಲಿಲ್ಲ.

"ತಂಗಿ, ಎಲ್ಲಿ ಒಯ್ಯಲಿ ಹೇಳು," ಎಂದಳು. "ಬೇಲಿ ಹಾಕ್ಯಾರ. ಬ್ಯಾರೇ ಜಾಗಾ ತೋರಸ್ರಿ."

ಮುಖ್ಯಾಧಿಕಾರಿಗಳು ಮೀಟಿಂಗಿಗೆಂದು ಕಲಬುರಗಿಗೆ ಹೋಗಿದ್ದರು. ಫೋನು ಎತ್ತಲಿಲ್ಲ. ಕಚೇರಿಯಲ್ಲಿದ್ದವಳು ನಾನೊಬ್ಬಳೇ. ನಾನು ಗೊತ್ತಿದ್ದ ಮೂರು ಸಮಾಜದ ಹಿರಿಯರಿಗೆ ಫೋನ್ ಮಾಡಿ ಅವರ ಸ್ಮಶಾನದಲ್ಲಿ ಜಾಗ ಕೇಳಿದೆ. ಒಬ್ಬರೂ ಬೈಯಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. "ನಮಗ ಜಾಗಾ ಸಾಲವಲ್ದು ಮೇಡಂ." "ನಂದೇನಿಲ್ರಿ, ಮಂದಿ ಒಪ್ಪಂಗಿಲ್ಲ." "ಇವತ್ತ ಒಂದು ಅಂದ್ರ ನಾಳೆ ಇನ್ನೊಂದು ಬರ್ತದಲ್ರಿ." ನಾನು ಒಂದೊಂದು ಫೋನು ಇಟ್ಟಾಗಲೂ ಆಯಿ ನನ್ನ ಮುಖ ನೋಡುತ್ತಿದ್ದಳು. ಮೂರನೆಯದು ಮುಗಿದ ಮೇಲೆ ನಾನು ತಲೆಯೆತ್ತಲಿಲ್ಲ. ಅವಳು ನನ್ನ ಭುಜ ಮುಟ್ಟಿ, "ಇರ್ಲಿ ಬಿಡು, ಬಿಸಿಲ ಭಾಳ ಅದ," ಎಂದಳು. ಹೆಣವನ್ನು ಇನ್ನು ಬಿಸಿಲಲ್ಲಿ ಇಟ್ಟುಕೊಳ್ಳಲಾಗದು ಎಂದು ಅದರ ಅರ್ಥ.

ಊರ ಹೊರಗಿನ ಹಳ್ಳದ ದಂಡೆಯಲ್ಲಿ ಹೂತು ಬಂದರು. ತಲೆಯ ಕಡೆ ನಿಲ್ಲಿಸಲು ಆಯಿ ತಾನೇ ಒಂದು ಕಲ್ಲು ಕಡೆದಳು. ಹೆಸರು ಬರೆಯಲು ಬರುತ್ತಿರಲಿಲ್ಲ; ಒಂದು ಸುತ್ತಿಗೆಯ ಚಿತ್ರ ಕೆತ್ತಿದ್ದಳಂತೆ. ಆ ವರ್ಷ ಮಳೆ ಜೋರಾಗಿ ಬಂತು. ಹಳ್ಳ ತುಂಬಿ ದಂಡೆಯನ್ನು ಕೊರೆದುಕೊಂಡು ಹೋಯಿತು. ನೀರು ಇಳಿದ ಮೇಲೆ ಆಯಿ ಕೌಂಟರಿಗೆ ಬಂದಳು. ಸೀರೆಯ ಅಂಚಿಗೆ ಕೆಸರು ಹತ್ತಿತ್ತು.

"ಕಲ್ಲೂ ಇಲ್ಲ, ಅವನೂ ಇಲ್ಲ," ಎಂದಳು. ಸೆರಗಿನಿಂದ ಕೈ ಒರೆಸಿಕೊಂಡು, "ಜಾಗಾ ಬೇಕಂದ್ರ ಯಾರ್ನ ಕೇಳಬೇಕು?" ಎಂದು ಕೇಳಿದಳು.

"ಪಂಚಾಯ್ತಿ ಸಭೆದಾಗ ಠರಾವು ಮಾಡಿ ತಹಶೀಲ್ದಾರರಿಗೆ ಕಳಸಬೇಕ್ರಿ ಆಯಿ."

"ಠರಾವು ಯಾರ ಮಾಡ್ತಾರ?"

"ಮೆಂಬರ್ ಮಂದಿ."

"ಮೆಂಬರ್ ಯಾರ ಆಗ್ತಾರ?"

"ಆರಿಸಿ ಬಂದವ್ರು."

ಅವಳು ಕೌಂಟರನ್ನು ಗೆಣ್ಣಿನಿಂದ ಎರಡು ಸಲ ಬಡಿದಳು. "ಹಂಗಾದ್ರ ನಾ ಆರಿಸಿ ಬರ್ತೇನಿ," ಎಂದಳು.

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆ ದಿನ ನಾನು ಬೇರೆ ಏನಾದರೂ ಹೇಳಿದ್ದರೆ, ಅರ್ಜಿ ಕೊಡು ನೋಡೋಣ ಎಂದು ಎಲ್ಲರಿಗೂ ಹೇಳುವಂತೆ ಹೇಳಿ ಕಳಿಸಿದ್ದರೆ, ಅವಳ ಕೊನೆಯ ವರ್ಷಗಳು ಹೇಗಿರುತ್ತಿದ್ದವೋ. ಈಗಲೂ ಒಮ್ಮೊಮ್ಮೆ ಈ ಯೋಚನೆ ಬರುತ್ತದೆ.

ಚುನಾವಣೆ ಬಂತು. ಆಯಿಯ ವಾರ್ಡು ಸಾಮಾನ್ಯ ಮಹಿಳೆಗೆ ಮೀಸಲಾಯಿತು. ಅದೂ ಒಳ್ಳೆಯದೇ ಆಯಿತು, ಯಾಕೆಂದರೆ ಅವಳ ಜನಕ್ಕೆ ಈ ರಾಜ್ಯದಲ್ಲಿ ಜಾತಿ ಪ್ರಮಾಣಪತ್ರ ಸಿಗುವುದಿಲ್ಲ; ಅವರ ಜಾತಿಯ ಹೆಸರು ಇರುವುದು ಗಡಿಯಾಚೆಯ ಪಟ್ಟಿಯಲ್ಲಿ. ಎದುರಿಗೆ ನಿಂತವಳು ಒಬ್ಬ ತೊಗರಿ ವ್ಯಾಪಾರಿಯ ಮನೆಯ ಸೊಸೆ. ಭಿತ್ತಿಪತ್ರದಲ್ಲಿ ಅವಳ ಮುಖಕ್ಕಿಂತ ಅವಳ ಗಂಡನ ಮುಖ ದೊಡ್ಡದಿತ್ತು. ನಾಮಪತ್ರ ಪರಿಶೀಲನೆಯ ದಿನ ಅವನೇ ಎದ್ದು ನಿಂತು, "ಸಾಹೇಬ್ರೇ, ಈಕಿ ಹೊರಗಿನಾಕಿ. ಈಕಿ ಹೆಸರು ಆಕಡಿ ಊರಿನ ಮತದಾರರ ಪಟ್ಟಿದಾಗೂ ಅದ," ಎಂದು ತಕರಾರು ತೆಗೆದ. ಚುನಾವಣಾಧಿಕಾರಿ ಆಯಿಯ ಕಡೆ ನೋಡಿದರು. ಕಚೇರಿಯ ಸಿಬ್ಬಂದಿಯಾಗಿ ನಾನು ಮೂಲೆಯಲ್ಲಿ ಕಾಗದ ಜೋಡಿಸುತ್ತಿದ್ದೆ.

ಆಯಿ ಅವನ ಕಡೆ ಬಲಗಣ್ಣು ತಿರುಗಿಸಿದಳು. "ಯಾವ ಊರಪಾ ಅದು? ಹೆಸರು ಹೇಳು. ನಾ ಹಾದ್ಯಾಗ ಹುಟ್ಟಿದಾಕಿ, ಯಾವ ಊರಿನ ಹಾದಿ ಅಂತ ನಮ್ಮವ್ವಗೂ ನೆನಪ ಇದ್ದಿಲ್ಲ. ನಿನಗ ಗೊತ್ತಿದ್ರ ಹೇಳು, ಒಮ್ಮೆ ಹೋಗಿ ನೋಡಿ ಬರ್ತೇನಿ."

ಅವನು ಕೈಲಿದ್ದ ಕಾಗದ ತಿರುವಿ ಹಾಕಿದ, ಊರಿನ ಹೆಸರು ಅದರಲ್ಲಿರಲಿಲ್ಲ. ಆಯಿ ಸೊಂಟದ ಸಂಚಿಯಿಂದ ಮಡಚಿದ ರಹವಾಸಿ ಪತ್ರ ತೆಗೆದು ಮೇಜಿನ ಮೇಲಿಟ್ಟಳು. ಎಲೆ ಅಡಿಕೆಯ ಕಲೆ ಹತ್ತಿತ್ತು. ನಾನು ಟೈಪು ಮಾಡಿದ್ದೇ. ನಾಮಪತ್ರ ಸಿಂಧುವಾಯಿತು.

ಪಕ್ಷೇತರರ ಚಿಹ್ನೆಗಳಲ್ಲಿ ಅವಳಿಗೆ ಬಂದದ್ದು ಗ್ಯಾಸ್ ಸಿಲಿಂಡರ್. ಅವಳ ಮನೆಯಲ್ಲಿ ಅಡುಗೆಯಾಗುತ್ತಿದ್ದದ್ದು ತೊಗರಿ ಕಟ್ಟಿಗೆಯಲ್ಲಿ. ಓಣಿಯ ಹೆಂಗಸರು, "ಆಯಿ, ಗೆದ್ರ ಗ್ಯಾಸ್ ಕೊಡಸ್ತೀಯೇನ್?" ಎಂದು ಚೇಷ್ಟೆ ಮಾಡಿದರೆ, "ಇಲ್ಲ ಬೇ, ಮಣ್ಣು ಕೊಡಸ್ತೇನಿ," ಎನ್ನುತ್ತಿದ್ದಳು. ಓಟು ಕೇಳುವಾಗ ಸ್ಮಶಾನದ ಮಾತು ಅಪಶಕುನ, ನಳದ ಬಗ್ಗೆ ಹೇಳು, ಚರಂಡಿಯ ಬಗ್ಗೆ ಹೇಳು ಎಂದು ಎಲ್ಲರೂ ಬುದ್ಧಿ ಹೇಳಿದರು. ಅವಳು ಅವೆಲ್ಲವನ್ನೂ ಹೇಳುತ್ತಿದ್ದಳು, ಕೊನೆಗೆ ಇದನ್ನೂ ಹೇಳುತ್ತಿದ್ದಳು: "ನಲವತ್ತು ವರ್ಷ ಈ ಊರಿನ ಕಲ್ಲು ಒಡದೇವಿ. ನಿಮ್ಮ ಮನಿ ಪಾಯಾ ನಾವು ಹಾಕಿದ್ದು. ನಾವು ಸತ್ರ ಆರು ಅಡಿ ಜಾಗಾ ಬ್ಯಾಡೇನು?" ಪಕ್ಕದ ಓಣಿಯ ಬೌದ್ಧ ಮನೆತನಗಳ ಹೆಂಗಸರು ಆ ಮಾತಿಗೆ ಕಿವಿಗೊಟ್ಟರು. ಅಲ್ಲಿನ ನಿವೃತ್ತ ಶಿಕ್ಷಕಿಯೊಬ್ಬರು ಅವಳ ನಾಮಪತ್ರಕ್ಕೆ ಸೂಚಕರಾಗಿದ್ದರು, ದಿನಾಲು ಅವಳ ಜೊತೆ ಮನೆಮನೆ ತಿರುಗಿದರು. ನಾನು ಸರ್ಕಾರಿ ನೌಕರಿಯವಳು. ರಸ್ತೆಯಲ್ಲಿ ಎದುರಾದರೂ ನಿಂತು ಮಾತಾಡುವಂತಿರಲಿಲ್ಲ. ಆಯಿಗೂ ಅದು ಗೊತ್ತಿತ್ತು. ದೂರದಿಂದ ನೋಡಿದರೆ ಓಣಿಯ ಆ ಬದಿಗೆ ದಾಟಿಬಿಡುತ್ತಿದ್ದಳು.

ಆಯಿ ಗೆದ್ದಳು. ಅಂತರ ಕೈಬೆರಳಲ್ಲಿ ಎಣಿಸುವಷ್ಟೇ. ಆಳಂದದಲ್ಲಿ ಎಣಿಕೆ ಮುಗಿಸಿ ಬಂದವಳಿಗೆ ಬಸ್ ನಿಲ್ದಾಣದಲ್ಲೇ ಗುಲಾಲು ಎರಚಿದರು. ಅವಳು ಮೆರವಣಿಗೆಯಿಂದ ತಪ್ಪಿಸಿಕೊಂಡು ನೇರ ಕಚೇರಿಗೆ ಬಂದಳು. ಕೆನ್ನೆ ಮೂಗು ಎಲ್ಲ ಗುಲಾಬಿ ಬಣ್ಣ. "ಸಭೆ ಯಾವಾಗ ಅದ?" ಎಂದು ಕೇಳಿದಳು.

"ಇನ್ನೊಂದು ತಿಂಗಳಾಗ ಆಗಬಹುದ್ರಿ ಆಯಿ," ಎಂದೆ.

ಅಂದು ನಾನು ಸುಳ್ಳು ಹೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಎಂಬ ಮೀಸಲಾತಿ ಪಟ್ಟಿಯ ಮೇಲೆ ಯಾವುದೋ ಊರಿನವರು ಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು. ಅಧ್ಯಕ್ಷರ ಆಯ್ಕೆಯಾಗದೆ ಮೊದಲ ಸಭೆ ಇಲ್ಲ. ಮೊದಲ ಸಭೆಯಾಗದೆ ಗೆದ್ದವರು ಕುರ್ಚಿಯ ಮೇಲೆ ಕೂರುವಂತಿಲ್ಲ. ಊರಿನ ಆಡಳಿತ ಒಬ್ಬ ಆಡಳಿತಾಧಿಕಾರಿಯ ಕೈಯಲ್ಲಿ ಉಳಿಯಿತು. ಅವರು ಬೀದಿ ದೀಪ, ಕಸದ ಗಾಡಿಯ ಕಾಗದಗಳಿಗೆ ಸಹಿ ಹಾಕುತ್ತಿದ್ದರು. ಸ್ಮಶಾನದ ಜಾಗದಂಥ ವಿಷಯ ಬಂದರೆ, "ಇದು ಸಭೆ ತೀರ್ಮಾನಿಸಬೇಕಾದದ್ದು," ಎಂದು ಬರೆದು ವಾಪಸು ಕಳಿಸುತ್ತಿದ್ದರು. ಅದೂ ತಪ್ಪಲ್ಲ, ನಿಯಮ ಹಾಗೆಯೇ ಇತ್ತು.

ಆಯಿ ಪ್ರತಿ ಸೋಮವಾರ ಬರುತ್ತಿದ್ದಳು. ಗೆದ್ದ ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಚೀಲದಲ್ಲಿ ತರುತ್ತಿದ್ದಳು. ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತು, "ಇವತ್ತ ಏನಾರ ಅದ ಏನ್ ತಂಗಿ?" ಎನ್ನುತ್ತಿದ್ದಳು. "ಇಲ್ರಿ ಆಯಿ." "ಇರ್ಲಿ." ಒಂದಷ್ಟು ಹೊತ್ತು ಕೂತು ಎದ್ದು ಹೋಗುತ್ತಿದ್ದಳು. ಒಂದು ವರ್ಷ ಹೀಗೆ. ಮತ್ತೊಂದು ವರ್ಷ ಹೀಗೆ.

ಆ ಸಮಯದಲ್ಲಿ ಅವಳು ನನ್ನಿಂದ ಒಂದು ವಾಕ್ಯ ಕಲಿತಳು. ಸಭೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ಕೇಳಿದಾಗ ನಾನು, "ಮಾನ್ಯ ಅಧ್ಯಕ್ಷರೇ, ನಾನು ಒಂದು ವಿಷಯವನ್ನು ಮಂಡಿಸಲು ಬಯಸುತ್ತೇನೆ," ಎಂದು ಹೇಳಿಕೊಟ್ಟೆ. ಅವಳಿಗೆ ಮಂಡಿಸಲು ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಮಂಡಿ ಎಂದರೆ ಅವಳಿಗೆ ಮೊಣಕಾಲು. "ಮೊಣಕಾಲ ಊರಿ ಕೇಳಬೇಕೇನ್ ಅಲ್ಲಿ?" ಎಂದು ನಕ್ಕಳು. ಆದರೂ ಬೆಂಚಿನ ಮೇಲೆ ಕೂತು ತುಟಿ ಅಲ್ಲಾಡಿಸುತ್ತಾ ಕಲಿತಳು.

ಗೆದ್ದ ಹೊಸತರಲ್ಲಿ ಹಾರ ಹಾಕಿದವರೇ ಈಗ ಬೈಯತೊಡಗಿದರು. ಊರಿನ ಕೊಳಚೆ ನೀರು ಹರಿದು ಬಂದು ನಿಲ್ಲುತ್ತಿದ್ದದ್ದು ಕಲ್ಲಿನವರ ಓಣಿಯ ಬಾಯಿಯಲ್ಲಿ. ಅಲ್ಲಿ ನೆಲವೆಲ್ಲ ಬಂಡೆ, ನೀರು ಇಂಗುವುದಿಲ್ಲ. "ಮೆಂಬರ್ ಆಗಿ ಏನ್ ಕಡದಿ?" ಎಂದು ಒಬ್ಬ ಓಣಿಯ ನಡುವೆ ನಿಂತು ಅವಳನ್ನು ಕೇಳಿದನಂತೆ. ಮರುದಿನ ಬೆಳಿಗ್ಗೆ ಆಯಿ ಉಳಿ ಸುತ್ತಿಗೆ ಹಿಡಿದು ರಸ್ತೆಯ ಮೇಲೆ ಕೂತಳು. ಓಣಿಯ ಮುದುಕಿಯರು ನಾಲ್ಕೈದು ಮಂದಿ ಜೊತೆಗೂಡಿದರು. ಎಂಟು ದಿನಗಳಲ್ಲಿ ಬಂಡೆಯಲ್ಲಿ ಮೊಳದಗಲದ ಕಾಲುವೆ ಕಡೆದು ನೀರನ್ನು ಹಳ್ಳಕ್ಕೆ ಬಿಟ್ಟರು. ನಾನು ಹೋಗಿ ನೋಡಿದ್ದೇನೆ. ಗೆರೆ ಎಳೆದಂತೆ ನೇರ, ಅಂಚು ಎಲ್ಲೂ ಮುಕ್ಕಾಗಿಲ್ಲ.

ಯಾರೋ ದೂರು ಕೊಟ್ಟರು. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆ ಅಗೆದಿದ್ದಕ್ಕೆ ಏಳು ದಿನಗಳೊಳಗೆ ಲಿಖಿತ ವಿವರಣೆ ನೀಡಬೇಕೆಂದು ನೋಟಿಸು ತಯಾರು ಮಾಡಲು ಮುಖ್ಯಾಧಿಕಾರಿಗಳು ನನಗೆ ಹೇಳಿದರು. "ಸರ್, ಬ್ಯಾರೇ ಯಾರಾರ ಟೈಪ್ ಮಾಡಿದ್ರ..." ಎಂದೆ. "ಯಾರ ಇದ್ದಾರ್ರಿ ಬ್ಯಾರೇ?" ಎಂದರು. ನಿಜವೇ. ಇರಲಿಲ್ಲ. ನಾನೇ ಟೈಪು ಮಾಡಿದೆ. ಜವಾನ ರಜೆಯಲ್ಲಿದ್ದ, ಸೋಮವಾರ ಅವಳು ಬಂದಾಗ ನಾನೇ ಕೈಗೆ ಕೊಟ್ಟೆ.

"ಓದು," ಎಂದಳು.

ಓದಿದೆ. ಅವಳು ಕೊನೆಯವರೆಗೂ ಕೇಳಿ, "ನೀನ ಬರದಿಯೇನು?" ಎಂದಳು. ಹೌದೆಂದು ತಲೆಯಾಡಿಸಿದೆ. "ಚಲೋ ಬರದಿ. ಒಂದೂ ತಪ್ಪಿಲ್ಲ," ಎಂದಳು. ಕೊಂಕಿನಿಂದ ಹೇಳಿದ್ದಲ್ಲ. ಯಾರ ಕೆಲಸವನ್ನಾದರೂ ಅವಳು ಹೀಗೆಯೇ ನೋಡುತ್ತಿದ್ದಳು. ಆ ನೋಟಿಸಿಗೆ ಉತ್ತರವನ್ನೂ ನಾನೇ ಬರೆದು, ಅವಳ ಹೆಬ್ಬೆಟ್ಟು ಒತ್ತಿಸಿ, ನಾನೇ ಸ್ವೀಕರಿಸಿ, ಫೈಲಿಗೆ ಹಾಕಿದೆ.

ಆ ಎರಡು ವರ್ಷಗಳಲ್ಲಿ ಕಲ್ಲಿನವರ ಓಣಿಯಲ್ಲಿ ಮೂರು ಸಾವಾದವು. ಮೂರನ್ನೂ ಹಳ್ಳದ ದಂಡೆಗೇ ಒಯ್ದರು. ಮೂರನೆಯದು ಎರಡು ದಿನದ ಕೂಸು. ಅದರ ತಂದೆ ಆಯಿಯ ಬಾಗಿಲಲ್ಲಿ ನಿಂತು ಏನೂ ಅನ್ನದೆ ಹೋದನಂತೆ. "ಬೈದಿದ್ರ ಚಲೋ ಇತ್ತು," ಎಂದಳು ಆಯಿ ನನ್ನ ಹತ್ತಿರ.

ಆಮೇಲೆ ಅವಳು ಕೆಮ್ಮತೊಡಗಿದಳು. ಬೆಂಚಿನ ಮೇಲೆ ಕೂತಾಗ ಉಸಿರಿನ ಜೊತೆ ಸಿಳ್ಳಿನಂಥ ಸದ್ದು ಬರುತ್ತಿತ್ತು. ಬಾಗಿಲಿನಿಂದ ಬೆಂಚಿನವರೆಗೆ ಬರಲು ಎರಡು ಕಡೆ ನಿಲ್ಲುತ್ತಿದ್ದಳು. ಒಂದು ಸೋಮವಾರ ಬರಲಿಲ್ಲ. ಅವಳ ಸೊಸೆ ಬಂದು, "ಕಲಬುರಗಿ ದವಾಖಾನ್ಯಾಗ ಹಾಕೇವ್ರಿ ಅಕ್ಕಾ. ಎದಿ ತುಂಬ ಕಲ್ಲಿನ ಧೂಳ ಅದ ಅಂದ್ರು ಡಾಕ್ಟರ್. ತೆಗೀಲಾಕ ಬರಂಗಿಲ್ಲಂತ," ಎಂದಳು.

ಭಾನುವಾರ ಹೋದೆ. ಮೂಗಿಗೆ ಆಕ್ಸಿಜನ್ ನಳಿಕೆ ಇತ್ತು. ಮಂಚದ ಪಕ್ಕ ನಿಂತಾಗ ನನ್ನ ಕೈ ಹಿಡಿದುಕೊಂಡಳು. ಮಾತು ತುಂಡು ತುಂಡಾಗಿ ಬರುತ್ತಿತ್ತು.

"ಸಭೆ?"

ಕೋರ್ಟಿನ ಕಡೆಯಿಂದ ಏನೂ ಬಂದಿರಲಿಲ್ಲ. ಯಾವಾಗ ಬರುವುದೋ ಯಾರಿಗೂ ಗೊತ್ತಿರಲಿಲ್ಲ.

"ಬರೂ ಸೋಮವಾರ ಅದ ಆಯಿ," ಎಂದೆ.

ಸೊಸೆ ನನ್ನ ಕಡೆ ತಿರುಗಿ ನೋಡಿದಳು. ಆಯಿಯ ಮುಖದಲ್ಲಿ ಸಂತೋಷ ಕಾಣಲಿಲ್ಲ, ಗಾಬರಿ ಕಂಡಿತು. ಎದ್ದು ಕೂರಲು ನೋಡಿದಳು. "ಸೋಮವಾರ ಅಂದ್ರ... ನಾ ಹೆಂಗ ಬರ್ಲಿ? ಒಂದು ಎಂಟು ದಿನ ಮುಂದ ಹಾಕಾಕ ಹೇಳು ತಂಗಿ... ಆಯಿಗೆ ಆರಾಮಿಲ್ಲ ಅಂತ ಹೇಳು..."

ಒಳ್ಳೆಯದಾಗಲಿ ಎಂದು ಹೇಳಿದ ಸುಳ್ಳು ಅವಳನ್ನು ಹೀಗೆ ಹಿಂಸೆ ಮಾಡಬಹುದೆಂದು ನಾನು ಎಣಿಸಿರಲಿಲ್ಲ. "ಹೇಳ್ತೇನಿ ಆಯಿ, ಮುಂದ ಹಾಕಸ್ತೇನಿ, ನೀವು ಮಲಕೋರಿ," ಎಂದೆ. ಅವಳು ದಿಂಬಿಗೆ ಒರಗಿದಳು. ನನ್ನ ಕೈ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಮಾನ್ಯ ಅಧ್ಯಕ್ಷರೇ," ಎಂದಳು. ಮುಂದಿನದು ಕೆಮ್ಮಿನಲ್ಲಿ ಹೋಯಿತು.

ಬುಧವಾರ ಮಧ್ಯಾಹ್ನ ತೀರಿಕೊಂಡಳು.

ಅವಳನ್ನೂ ಹಳ್ಳದ ದಂಡೆಗೇ ಒಯ್ದರು. ನನ್ನ ಅತ್ತೆ, "ಹೆಂಗಸರು ಮಣ್ಣಿಗೆ ಹೋಗ್ತಾರೇನು, ಅದೂ ಅವ್ರ ಮಂದ್ಯಾಗ," ಎಂದರು. ನಾನು ಹೋದೆ. ಬೌದ್ಧ ಓಣಿಯ ಶಿಕ್ಷಕಿಯೂ ಬಂದಿದ್ದರು. ಈ ಸಲ ಗುಂಡಿಯನ್ನು ನೀರಿನಿಂದ ದೂರ, ಮೇಲೆ ತೋಡಿದ್ದರು. ಪಕ್ಕದ ಹೊಲದ ರೈತ ಬದುವಿನ ಮೇಲೆ ಬಂದು ನಿಂತು, "ನನ್ನ ಹದ್ದಿನೊಳಗ ಬರಬ್ಯಾಡ್ರಿ, ಇಷ್ಟೇ ನಾ ಹೇಳೂದು," ಎಂದ. ಕೋಪದಿಂದ ಹೇಳಲಿಲ್ಲ, ಬೇಡಿಕೊಳ್ಳುವಂತೆ ಹೇಳಿದ. ಆಯಿಯ ಮಗ ಗುಂಡಿ ಬಿಟ್ಟು ಎರಡು ಮಾರು ಕೆಳಗೆ ಇನ್ನೊಂದು ತೋಡಲು ಶುರುಮಾಡಿದ. ಬಂಡೆ ಹತ್ತಿತು. ಸುತ್ತಿಗೆ ತರಿಸಿ ಒಡೆದರು. ನಾವೆಲ್ಲ ನಿಂತುಕೊಂಡೇ ಇದ್ದೆವು. ಅವಳು ಬಿಸಿಲಲ್ಲಿ ಕಾಯುತ್ತಿದ್ದಳು.

ಏಳು ತಿಂಗಳ ನಂತರ ತಡೆಯಾಜ್ಞೆ ತೆರವಾಯಿತು. ಮೊದಲ ಸಭೆ ನಡೆಯಿತು. ಕಾರ್ಯಸೂಚಿಯಲ್ಲಿ ನಾನು ಸ್ಮಶಾನದ ಜಾಗವನ್ನು ಒಂದು ವಿಷಯವಾಗಿ ಸೇರಿಸಿದ್ದೆ. ಮುಖ್ಯಾಧಿಕಾರಿಗಳು ಅದನ್ನು ಪೆನ್ನಿನಿಂದ ಹೊಡೆದು, "ಆ ವಾರ್ಡಿಗೆ ಈಗ ಮೆಂಬರೇ ಇಲ್ಲಲ್ರಿ. ಯಾರ ಮಾತಾಡ್ತಾರ? ಉಪಚುನಾವಣೆ ಆಗ್ಲಿ," ಎಂದರು. ಹೊಸ ಬಟ್ಟೆ ತೊಟ್ಟ ಸದಸ್ಯರು ಬಂದರು. ಮೊದಲು ಮೃತ ಸದಸ್ಯೆಗೆ ಎರಡು ನಿಮಿಷದ ಮೌನ. ಒಬ್ಬರ ಫೋನು ಹಾಡಿತು, ಅವರು ಗಡಬಡಿಸಿ ಹೊರಗೆ ಹೋದರು. ನಾನು ಮೂಲೆಯಲ್ಲಿ ನಡಾವಳಿ ಬರೆಯುತ್ತಿದ್ದೆ. ಗುಮಾಸ್ತೆ ಸಭೆಯಲ್ಲಿ ಮಾತಾಡುವಂತಿಲ್ಲ. ಸಂತಾಪದ ಠರಾವಿನ ಕೊನೆಗೆ ನಾನಾಗಿಯೇ ಒಂದು ವಾಕ್ಯ ಸೇರಿಸಿದೆ: "ಮೃತರು ತಮ್ಮ ಜನರ ಸ್ಮಶಾನಕ್ಕಾಗಿ ಜಾಗ ಕೋರಿ ಆರಿಸಿ ಬಂದವರಾಗಿದ್ದರು." ಯಾರೂ ಓದಲಿಲ್ಲ. ಸರ್ವಾನುಮತದಿಂದ ಅಂಗೀಕಾರವಾಯಿತು. ಅದರಿಂದ ಏನೂ ಆಗಲಿಲ್ಲ. ಉಪಚುನಾವಣೆಯಲ್ಲಿ ಆ ತೊಗರಿ ವ್ಯಾಪಾರಿಯ ಸೊಸೆ ಗೆದ್ದಳು, ಅವಳ ಗಂಡನೇ ಸಭೆಗೆ ಬರುತ್ತಿದ್ದಾನೆ.

ನನಗೆ ಜೇವರ್ಗಿಗೆ ವರ್ಗವಾಗಿ ಒಂದು ವರ್ಷವಾಯಿತು. ಇಲ್ಲಿ ಕೌಂಟರಿಗೆ ಯಾರು ಬಂದರೂ ಎದ್ದು ನಿಂತು ಮಾತಾಡುತ್ತೇನೆ. ಹೊಸದಾಗಿ ಸೇರಿದ ಹುಡುಗಿಯರಿಗೂ ಹಾಗೆಯೇ ಮಾಡಲು ಹೇಳುತ್ತೇನೆ. ಯಾರು ಕಲಿಸಿದ್ದು ಎಂದು ಅವರು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಕಳೆದ ವಾರ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಆಯಿಯ ಸೊಸೆಯ ಫೋನು ಬಂತು. ಓಣಿಯಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಹಳ್ಳದ ದಂಡೆಯಲ್ಲಿ ಈಗ ಪಂಪ್‌ಹೌಸ್ ಕಟ್ಟುತ್ತಿದ್ದಾರಂತೆ, ಅಲ್ಲಿಗೂ ತಂತಿ ಬಿದ್ದಿದೆಯಂತೆ. ಹಿಂದೆ ಜನ ಮಾತಾಡುವ ಸದ್ದು, ಯಾರೋ ಅಳುವ ಸದ್ದು ಕೇಳುತ್ತಿತ್ತು.

"ಅಕ್ಕಾ, ಎಲ್ಲಿ ಒಯ್ಯೂದ್ರಿ?" ಎಂದಳು.

ನಾನು ಡಬ್ಬಿಯ ಮುಚ್ಚಳ ಹಾಕಿದೆ. "ನಾ ಬರ್ತೇನಿ," ಎಂದೆ. ಅರ್ಧ ದಿನದ ರಜೆ ಬರೆದಿಟ್ಟು ಬಸ್ಸು ಹತ್ತಿದೆ. ಹೋಗಿ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.